ಯಾವ ನಾಯ್ಕ?

ದುರ್ಗಿಗುಡಿಯ ಅಡ್ಡರಸ್ತೆ, ನಾಲ್ಕು ಮೆಟ್ಟಿಲಿಳಿದರೆ
ನಮ್ಮ ರಕ್ತಪರೀಕ್ಷೆಯ ಅಂಗಡಿ.
ಅಂಗಡಿ ಅನ್ನಬಾರದು, ಡಾಕ್ಟರು ಬೈಯುತ್ತಾರೆ.
ಆರೂವರೆಗೆ ಶಟರ್ ಎತ್ತುವಾಗಲೇ
ಬರಿಹೊಟ್ಟೆಯವರು ಮೆಟ್ಟಿಲು ತುಂಬಿರುತ್ತಾರೆ.

ಕಿಟಕಿಯಿಂದ ಕೂಗುತ್ತೇನೆ: ನಾಯ್ಕ!
ಒಂದು ಹೆಸರಿಗೆ ಐದು ತಲೆ ಏಳುತ್ತವೆ.
ಯಕಾರದ ಕಾಲಿಗೆ ಕ ಒತ್ತು ಕಟ್ಟಿಕೊಂಡವರು,
ಬಿಡಿಸಿ ನಿಧಾನಕ್ಕೆ ನಾಯಕ ಅನ್ನುವವರು,
ಕೊನೆಗೆ ನಾಲಿಗೆ ಕಚ್ಚಿ ನಾಯಕ್ ಎಂದು ನಿಲ್ಲಿಸುವವರು.
ಕಂಪ್ಯೂಟರಿಗೆ ಎಲ್ಲ ಒಂದೇ.

ಯಾವ ಪೈಕಿ ಅಂತ ಕೇಳಬಾರದು,
ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು.
ಹಾಗಾಗಿ ಊರು ಯಾವುದು ಅನ್ನುತ್ತೇನೆ.
ಕೇಳಿದ್ದು ಅದನ್ನೇ ಎಂದು ಅವರಿಗೂ ಗೊತ್ತು, ನನಗೂ ಗೊತ್ತು,
ಇಬ್ಬರೂ ಗೊತ್ತಿಲ್ಲದ ಹಾಗೆ ಇರುತ್ತೇವೆ.

ಕನ್ನಪ್ಪ ನಾಯ್ಕರು ಹೇಳಿದರು: ಊರು ನೀರಲ್ಲಿದೆ.
ಲಿಂಗನಮಕ್ಕಿ ತುಂಬುವಾಗ ಅಮ್ಮನ ಸೊಂಟದ ಮೇಲೆ ಕೂತು
ಲಾರಿ ಹತ್ತಿದವರು. ಆಧಾರಿನಲ್ಲಿ ಇನ್ನೊಂದು ಊರಿದೆ,
ಅದು ಬಾಯಿಗೆ ಬರುವುದಿಲ್ಲ.
ಬೇಸಿಗೆಗೆ ನೀರಿಳಿದರೆ ಗದ್ದೆಯ ಅಂಚು ಕಾಣುತ್ತದಂತೆ,
ಹೋಗಿ ನಿಂತು ಬರುತ್ತಾರೆ.
ಸಕ್ಕರೆ ಇನ್ನೂರ ಹತ್ತು.

ದುರ್ಗಾಂಬಿಕಾ ನಾಯಕ, ಹೊನ್ನಾಳಿ ಕಡೆಯ ಹುಡುಗಿ,
ಪೊಲೀಸ್ ಆಯ್ಕೆಗೆಂದು ದಿನಾ ಬೆಳಗ್ಗೆ ಓಡುತ್ತಾಳೆ.
ಹಿಮೋಗ್ಲೋಬಿನ್ ಎಂಟು ಬಂತು.
ನಿಮ್ಮ ಮಿಷನ್ನು ತಪ್ಪಿರಬೇಕು ಎಂದು
ಇನ್ನೊಂದು ತೋಳು ಚಾಚಿದಳು.

ಸರ್ಕಲ್ಲಿನಲ್ಲಿ ನಿಂತ ನಾಯಕನೊಬ್ಬನಿಗೆ ಮಾತ್ರ
ಉಪವಾಸ ಬರುವ ಕಷ್ಟವಿಲ್ಲ.

ನನಗೆ ಅಡ್ಡಹೆಸರಿಲ್ಲ. ಅಪ್ಪನ ಒಂದಕ್ಷರವಿದೆ.
ಕೊನೆಯ ಹೆಸರು ತುಂಬದೆ ಕಂಪ್ಯೂಟರು ಒಳಗೆ ಬಿಡುವುದಿಲ್ಲ,
ಅಲ್ಲೊಂದು ಚುಕ್ಕಿ ಇಟ್ಟಿದ್ದೇನೆ.
ನಾಗವೇಣಿ ಚುಕ್ಕಿ.

ತಪ್ಪು ಮಾಡಿದ್ದು ನಾನೇ. ಮಂಗಳವಾರ ಸಂಜೆ.
ಜಿ. ನಾಯ್ಕ, ಗಂಡು, ಐವತ್ತೆಂಟು ವರ್ಷ.
ಇಬ್ಬರಿದ್ದರು.
ಗೋಕುಲದಾಸ ನಾಯಕ್, ಬ್ಯಾಂಕಿನ ಕ್ಯಾಶಿನಲ್ಲಿ ಮೂವತ್ತು ವರ್ಷ
ಬೇರೆಯವರ ದುಡ್ಡೆಣಿಸಿ ಒಂದು ರೂಪಾಯಿ ತಪ್ಪದವರು.
ಗೋಪ್ಯಾ ನಾಯ್ಕ, ಕುಂಸಿ ಕಡೆಯ ತಾಂಡಾ, ಸೆಂಟ್ರಿಂಗ್ ಕೆಲಸ,
ಈ ಊರಿನ ಅರ್ಧ ತಾರಸಿಗಳನ್ನು
ಒಣಗುವ ತನಕ ಎತ್ತಿ ಹಿಡಿದವನು.
ಅವರನ್ನು ಅವರು ಅಂದೆ, ಇವರನ್ನು ಇವನು ಅಂದೆ, ನೋಡಿ.
ನಾಲಿಗೆಯೂ ಒಂದು ರಿಜಿಸ್ಟರು.
ಲಕೋಟೆ ಅದಲು ಬದಲು.

ಬುಧವಾರ ಶಟರ್ ಎತ್ತುವ ಮೊದಲೇ
ಗೋಕುಲದಾಸರು ಮೆಟ್ಟಿಲ ಮೇಲೆ.
ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.
ಕ್ರಿಯಾಟಿನಿನ್ ಏಳು.
ಹೆಂಡತಿಗೆ ಹೇಳದೆ ರಾತ್ರಿಯೆಲ್ಲ
ಸೈಟಿನ ಕಾಗದ, ಎಲ್‌ಐಸಿ ಬಾಂಡು ಹುಡುಕಿ ಜೋಡಿಸಿಟ್ಟರಂತೆ.
ಫೋನ್ ನಂಬರು ನನ್ನದಲ್ಲ ಅಂತ ಕಂಡಾಗ
ಬೆಳಗಿನ ಜಾವ ನಾಲ್ಕು ಗಂಟೆ ಅಮ್ಮಾ.
ತಪ್ಪಾಯ್ತು ಅಂದೆ. ಮನೆಗೆ ಹೋಗಬಹುದಿತ್ತು.
ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತರು,
ಹನ್ನೊಂದರ ತನಕ.

ಗೋಪ್ಯಾ ನಾಯ್ಕರು ಬಂದರು, ಜೊತೆಗೆ ಮಗಳು.
ಎಲ್ಲ ನಾರ್ಮಲ್ ಎಂದು ಓದಿ ಹೇಳಿದವಳು ಅವಳೇ.
ರಾತ್ರಿ ಕೋಳಿ ಕೊಯ್ದು ಪಕ್ಕದ ಮನೆಗೂ ಕೊಟ್ಟಿದ್ದರು.

ಲಕೋಟೆ ಚಾಚಿದೆ. ಮಗಳು ಓದಿದಳು, ಈ ಸಲ ಮನಸ್ಸಿನಲ್ಲೇ.
ಇದು ನಂದಾ? ಅಂದರು ಅವರು.
ಗೋಕುಲದಾಸರು ಸರಿದು ಜಾಗ ಮಾಡಿದರು:
ನಿನ್ನೆ ರಾತ್ರಿ ನಂದಾಗಿತ್ತು. ಕೂತ್ಕೊಳ್ಳಿ.

ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಿದ್ದು
ಆ ಕೋಳಿಯ ಬಗ್ಗೆ.
ನಮ್ಮದೇನಿದ್ದರೂ ಮೀನು ಅಂದರು ಇವರು,
ತುಂಗೆಯ ಮೀನಿಗೆ ಮುಳ್ಳು ಜಾಸ್ತಿ ಅಂದರು ಅವರು.
ಮಗಳು ಬಾಗಿಲಾಚೆ ಫೋನಿನಲ್ಲಿ
ಯಾರಿಗೋ ಲಂಬಾಣಿಯಲ್ಲಿ ಹೇಳುತ್ತಿದ್ದಳು,
ನಡುವೆ ಏಳು, ಏಳು ಎಂಬುದಷ್ಟೇ ನನಗೆ ತಿಳಿಯಿತು.

ಈಗ ಹೆಸರು ಕೂಗುವುದಿಲ್ಲ. ಟೋಕನ್ ಕೊಡುತ್ತೇವೆ,
ಗೋಡೆಯಲ್ಲಿ ಕೆಂಪು ಅಂಕಿ ಬೆಳಗುತ್ತದೆ.
ಕರೆಂಟು ಹೋದ ದಿನ ಮಾತ್ರ
ಕಿಟಕಿಗೆ ಬಾಯಿಟ್ಟು ಕರೆಯುತ್ತೇನೆ, ನಾಯ್ಕ ಅಂತ,
ಏಳುವ ತಲೆಗಳನ್ನು ಎಣಿಸುತ್ತೇನೆ.